ರಿಮೋಟ್ ಕೈಲಿ ಹಿಡಿದು ‘ಒನ್ಸ್ ಮೋರ್!’

ಅಮೆರಿಕದ ಹತ್ತು ಡಾಲರ್ ನೋಟನ್ನು ನೀವು ನೋಡಿರಬಹುದು. ಪರದೇಶದಲ್ಲಿರುವ ಮಗನೋ ಸೊಸೆಯೋ ತಂದುಕೊಟ್ಟ ಒಂದೆರಡು ನೋಟು ಈಗ ಎಷ್ಟೋ ಮನೆಗಳ ಬೀರುವಿನಲ್ಲಿ ಮಡಿಸಿಟ್ಟಿರುತ್ತವೆ. ಅದರ ಮೇಲಿರುವ ಮುಖ ಯಾವ ಅಧ್ಯಕ್ಷರದೂ ಅಲ್ಲ. ಆತನ ಹೆಸರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಆ ದೇಶದ ಮೊದಲ ಖಜಾನೆ ಕಾರ್ಯದರ್ಶಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲ ಹಣಕಾಸು ಮಂತ್ರಿ. 1929ರಿಂದ ಆ ನೋಟಿನ ಮೇಲೆ ಕುಳಿತಿದ್ದಾನೆ.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನೋಟು ಎಣಿಸಿದ ನನಗೆ ಇಂಥವನ ಮೇಲೆ ಸಹಜವಾಗಿಯೇ ಒಂದು ಕಣ್ಣು. ಆದರೆ ಅವನ ಕಥೆಯನ್ನು ಹಾಡು, ಕುಣಿತಗಳ ನಾಟಕವಾಗಿ ನೋಡುತ್ತೇನೆಂದು ಎಣಿಸಿರಲಿಲ್ಲ. ಅದೂ ಮನೆಯ ಹಾಲಿನಲ್ಲಿ, ಕಾಲು ಚಾಚಿಕೊಂಡು, ಪಕ್ಕದಲ್ಲಿ ಚುರುಮುರಿಯ ತಟ್ಟೆ ಇಟ್ಟುಕೊಂಡು!

ನಾಟಕದ ಹೆಸರು ‘ಹ್ಯಾಮಿಲ್ಟನ್’. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 2015ರ ಆಗಸ್ಟ್ 6ರಂದು ವಿಧ್ಯುಕ್ತವಾಗಿ ಆರಂಭವಾಯಿತು. ಅದರ ಮುಂದಿನ ವರ್ಷದ ಜೂನ್ ತಿಂಗಳಲ್ಲಿ ರಂಗದ ಮೇಲೆ ಆಡುತ್ತಿದ್ದಂತೆಯೇ ಚಿತ್ರೀಕರಿಸಿ ಇಟ್ಟರು. 2020ರ ಜುಲೈ 3ರಂದು ಡಿಸ್ನಿಯವರು ತಮ್ಮ ಒಟಿಟಿಯಲ್ಲಿ ಬಿಡುಗಡೆ ಮಾಡಿದರು. ಇದು ನಾಟಕದ ಕಥೆ ತೆಗೆದುಕೊಂಡು ಹೊರಾಂಗಣದಲ್ಲಿ ಮಾಡಿದ ಸಿನಿಮಾ ಅಲ್ಲ. ನಾಟಕವನ್ನೇ, ಆ ರಂಗದ ಮೇಲೆಯೇ, ಟಿಕೆಟು ಕೊಂಡು ಬಂದ ಜನರ ನಗು, ಚಪ್ಪಾಳೆಗಳ ಸಮೇತ ಹಿಡಿದದ್ದು.

ಮೊದಲು ಕಥಾನಾಯಕನ ವಿಚಾರ ಎರಡು ಮಾತು. ಹ್ಯಾಮಿಲ್ಟನ್ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ನೆವಿಸ್ ಎಂಬ ಪುಟ್ಟ ದ್ವೀಪದಲ್ಲಿ. ವರ್ಷ 1755 ಎಂದು ಕೆಲವರು, 1757 ಎಂದು ಇನ್ನು ಕೆಲವರು. ಅಪ್ಪ ಬಿಟ್ಟುಹೋದ. 1768ರಲ್ಲಿ ಜ್ವರ ಬಂದು ತಾಯಿ ತೀರಿಕೊಂಡಳು. ಹುಡುಗ ಸೇಂಟ್ ಕ್ರಾಯ್ ದ್ವೀಪದ ಒಂದು ವ್ಯಾಪಾರದ ಕೋಠಿಯಲ್ಲಿ ಗುಮಾಸ್ತನಾದ. ಮಾಲೀಕ ಕಾಯಿಲೆಯೆಂದು ಊರು ಬಿಟ್ಟು ಹೋದಾಗ ಈ ಹುಡುಗನೇ ತಿಂಗಳುಗಟ್ಟಲೆ ಇಡೀ ವ್ಯವಹಾರ ನಡೆಸಿದ. ಆದರೂ ಗೆಳೆಯನಿಗೆ ಬರೆದ ಕಾಗದದಲ್ಲಿ, ಗುಮಾಸ್ತಗಿರಿ ಎಂದರೆ ತನಗೆ ತಿರಸ್ಕಾರ ಎಂದು ಬರೆದುಕೊಂಡಿದ್ದಾನೆ. (ಈ ಮಾತಿಗೆ ನನ್ನ ಆಕ್ಷೇಪಣೆ ಇದೆ. ಅದೇ ಗುಮಾಸ್ತಗಿರಿಯಲ್ಲಿ ಕಲಿತ ಲೆಕ್ಕವೇ ಅಲ್ಲವೇ ಮುಂದೆ ಅವನ ಕೈ ಹಿಡಿದದ್ದು?) 1772ರಲ್ಲಿ ದ್ವೀಪಕ್ಕೆ ಭಾರೀ ಚಂಡಮಾರುತ ಬಡಿಯಿತು. ಅದರ ಬಗ್ಗೆ ಹುಡುಗ ಬರೆದ ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ ಜನ ಬೆರಗಾಗಿ ಚಂದಾ ಎತ್ತಿ ಅವನನ್ನು ಓದಲೆಂದು ಅಮೆರಿಕಕ್ಕೆ ಕಳಿಸಿದರು.

ಅಲ್ಲಿಂದ ಮುಂದೆ ಅವನದು ಓಟವೇ. ಸ್ವಾತಂತ್ರ್ಯ ಯುದ್ಧದಲ್ಲಿ ವಾಷಿಂಗ್ಟನ್ ಅವರ ಬಲಗೈ. 1784ರಲ್ಲಿ ಬ್ಯಾಂಕ್ ಆಫ್ ನ್ಯೂಯಾರ್ಕಿನ ನಿಯಮಾವಳಿ ಬರೆದವನು ಇವನೇ. 1789ರಲ್ಲಿ ಖಜಾನೆಯ ಮುಖ್ಯಸ್ಥ. 1791ರಲ್ಲಿ ದೇಶಕ್ಕೊಂದು ರಾಷ್ಟ್ರೀಯ ಬ್ಯಾಂಕು. 1804ರ ಜುಲೈ 11ರಂದು ಆಗಿನ ಉಪಾಧ್ಯಕ್ಷ ಏರನ್ ಬರ್ ಜೊತೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತು ಗುಂಡು ತಗುಲಿ, ಮರುದಿನ ಸತ್ತ. ಅಧಿಕಾರದಲ್ಲಿರುವ ಉಪಾಧ್ಯಕ್ಷ ಮಾಜಿ ಮಂತ್ರಿಯನ್ನು ಗುಂಡಿಟ್ಟು ಕೊಲ್ಲುವುದು! ಬರೆದು ತೋರಿಸಿದರೆ ಅತಿಯಾಯಿತು ಎನ್ನುವಂಥ ಕಥೆ, ಆದರೆ ನಡೆದದ್ದು.

ರಾನ್ ಚೆರ್ನೊ ಎಂಬವರು 2004ರಲ್ಲಿ ಈತನ ದೊಡ್ಡ ಜೀವನಚರಿತ್ರೆಯೊಂದನ್ನು ಪ್ರಕಟಿಸಿದರು. ಲಿನ್-ಮ್ಯಾನುಯೆಲ್ ಮಿರಾಂಡ ಎಂಬ ತರುಣ ನಟ 2008ರಲ್ಲಿ ರಜೆಗೆ ಹೋಗುವಾಗ ಆ ದಪ್ಪ ಪುಸ್ತಕವನ್ನು ಕೊಂಡು ಓದಿದ. ಈತನ ಹಿರಿಯರು ಪೋರ್ಟೊ ರಿಕೊ ದ್ವೀಪದವರು. ಹಾಗಾಗಿ ದ್ವೀಪದಿಂದ ಬಂದು ಬರವಣಿಗೆಯ ಬಲದಿಂದ ಮೇಲೆ ಬಂದ ಹುಡುಗನ ಕಥೆ ಮನಸ್ಸಿಗೆ ನಾಟಿತು. 2009ರ ಮೇ ತಿಂಗಳಲ್ಲಿ ಶ್ವೇತಭವನದಲ್ಲಿ ಒಬಾಮಾ ಅವರ ಎದುರು ಒಂದು ಹಾಡು ಹಾಡಿದ. ಇಡೀ ನಾಟಕ ರಂಗಕ್ಕೇರಲು ಇನ್ನೂ ಆರು ವರ್ಷ ಹಿಡಿಯಿತು. ಬರೆದವನೂ, ಸಂಗೀತ ಹಾಕಿದವನೂ, ಹ್ಯಾಮಿಲ್ಟನ್ ಪಾತ್ರ ಮಾಡಿದವನೂ ಅವನೇ. ನಿರ್ದೇಶನ ಥಾಮಸ್ ಕೇಲ್ ಅವರದು. 2016ರಲ್ಲಿ ನಾಟಕಕ್ಕೆ ಪುಲಿಟ್ಜರ್ ಬಹುಮಾನ ಬಂತು, ಟೋನಿ ಪ್ರಶಸ್ತಿಗಳು ಹನ್ನೊಂದು ಬಂದವು. ಆ ಹೊತ್ತಿಗೆ ಹತ್ತು ಡಾಲರ್ ನೋಟಿನಿಂದ ಹ್ಯಾಮಿಲ್ಟನ್‌ನ ಮುಖ ತೆಗೆಯುವ ಯೋಚನೆ ಸರ್ಕಾರಕ್ಕಿತ್ತು. ನಾಟಕದ ಜನಪ್ರಿಯತೆಯೂ ಸೇರಿ ಅದು ಕೈಬಿಟ್ಟುಹೋಯಿತು.

ಇನ್ನು ಟಿಕೆಟಿನ ಮಾತು. ಇದನ್ನು ಬಿಟ್ಟರೆ ನಾನು ಬ್ಯಾಂಕಿನವನೇ ಅಲ್ಲ. ನಾಟಕ ಆಡುತ್ತಿದ್ದ ರಿಚರ್ಡ್ ರಾಜರ್ಸ್ ರಂಗಮಂದಿರದಲ್ಲಿ ಇರುವುದು ಸಾವಿರದ ಮುನ್ನೂರು ಚಿಲ್ಲರೆ ಆಸನ. ವಾರಕ್ಕೆ ಎಂಟು ಆಟ. 2016ರ ಜೂನ್‌ನಲ್ಲಿ ಅತಿ ಮುಂದಿನ ದರ್ಜೆಯ ಟಿಕೆಟಿಗೆ 849 ಡಾಲರ್ ಎಂದು ಘೋಷಿಸಿದರು. ಅಂದಿನ ವಿನಿಮಯ ದರಕ್ಕೆ ಹೆಚ್ಚುಕಡಿಮೆ 57 ಸಾವಿರ ರೂಪಾಯಿ! ಅದರ ಜೊತೆಗೇ ಒಂದು ಒಳ್ಳೆಯ ಪದ್ಧತಿಯೂ ಇತ್ತು. ಪ್ರತಿ ಆಟಕ್ಕೂ ಕೆಲವು ಆಸನಗಳನ್ನು ಚೀಟಿ ಎತ್ತಿ ಹತ್ತೇ ಡಾಲರಿಗೆ ಕೊಡುತ್ತಿದ್ದರು. ಹತ್ತು ಏಕೆಂದರೆ, ಅದು ಹ್ಯಾಮಿಲ್ಟನ್‌ನ ನೋಟು. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳ ಇಪ್ಪತ್ತು ಸಾವಿರ ಮಕ್ಕಳಿಗೂ ಅದೇ ಹತ್ತು ಡಾಲರಿಗೆ ನಾಟಕ ತೋರಿಸುವ ಯೋಜನೆ ಹಾಕಿದರು. ಆದರೂ ನೋಡಬೇಕೆನ್ನುವವರ ಸಾಲಿನ ಮುಂದೆ ಇದೆಲ್ಲ ಎಷ್ಟರ ಮಟ್ಟಿನದು? ಈ ಚಿತ್ರೀಕರಣ ಇಲ್ಲದಿದ್ದರೆ ನಮ್ಮ ಜಿಲ್ಲೆಯ ಒಬ್ಬ ನಿವೃತ್ತ ಗುಮಾಸ್ತ ಅದನ್ನು ನೋಡುವ ಮಾತೇ ಇರಲಿಲ್ಲ.

ನಮ್ಮ ಮನೆಯಲ್ಲಿ ನೋಡಿದವರು ಮೂವರು. ಎಂಟನೇ ತರಗತಿಯ ಮೊಮ್ಮಗಳು, ನಾನು, ನನ್ನ ಮನೆಯಾಕೆ. ಅವಳಿಗೆ ಮೊಣಕಾಲು ನೋವು, ಜೊತೆಗೆ ಕಿವಿ ಸ್ವಲ್ಪ ಮಂದ. ಆರೇಳು ವರ್ಷಗಳಿಂದ ಕಲಾಮಂದಿರದ ಮೆಟ್ಟಿಲು ಹತ್ತಿದವಳಲ್ಲ. “ಇಂಗ್ಲಿಷ್ ನಾಟಕ ನಂಗೇನು ತಿಳಿಯುತ್ತೆ, ನೀವೇ ನೋಡ್ಕೊಳ್ಳಿ” ಎಂದು ಬಿಡಿಸಿದ ಅವರೆಕಾಯಿಯ ಮೊರ ಹಿಡಿದು ಹಿಂದೆ ಕುಳಿತಳು. ಮೊದಲ ಹಾಡು ಮುಗಿಯುವಷ್ಟರಲ್ಲಿ ಮೊರ ಪಕ್ಕಕ್ಕೆ ಹೋಗಿತ್ತು.

ನನಗೆ ಮೊದಲ ಹತ್ತು ನಿಮಿಷ ತಲೆ ತಿರುಗಿದ್ದು ನಿಜ. ಮಾತೇ ಇಲ್ಲ, ಎಲ್ಲ ಹಾಡು. ಅದರಲ್ಲಿ ಬಹುಪಾಲು ರಾಪ್. ಎರಡೂಮುಕ್ಕಾಲು ಗಂಟೆಗೆ ಐದು ನಿಮಿಷ ಕಡಿಮೆ ಇರುವ ಈ ಆಟದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪದಗಳಿವೆ ಎಂದು ಎಣಿಸಿದವರಿದ್ದಾರೆ. “ತಾತ, ಒಂದೊಂದು ಪದ ಹಿಡಿಯೋಕೆ ಹೋಗ್ಬೇಡಿ, ತಾಳ ಕೇಳಿಸ್ಕೊಳ್ಳಿ” ಎಂದಳು ಮೊಮ್ಮಗಳು. ಕೆಳಗೆ ಇಂಗ್ಲಿಷ್ ಅಡಿಬರಹ ಹಾಕಿದಳು. ಅಜ್ಜಿಗಾಗಿ ಆಗಾಗ ನಿಲ್ಲಿಸಿ ಕನ್ನಡದಲ್ಲಿ ಕಥೆ ಹೇಳಿದಳು. ರಂಗಮಂದಿರದಲ್ಲಿ ಹೀಗೆ ಮಾಡಿದ್ದರೆ ಮೂವರನ್ನೂ ಹೊರಗೆ ಕಳಿಸುತ್ತಿದ್ದರು.

ಎರಡನೇ ಅಂಕದಲ್ಲಿ ಮಂತ್ರಿಮಂಡಲದ ಸಭೆಯ ದೃಶ್ಯಗಳು ಬರುತ್ತವೆ. ರಾಜ್ಯಗಳು ಯುದ್ಧಕ್ಕೆಂದು ಮಾಡಿದ ಸಾಲವನ್ನು ಕೇಂದ್ರ ತಲೆಯ ಮೇಲೆ ಹೊತ್ತುಕೊಳ್ಳಬೇಕೇ ಬೇಡವೇ ಎಂಬ ವಾದ. ಹ್ಯಾಮಿಲ್ಟನ್ ಒಂದು ಕಡೆ, ಥಾಮಸ್ ಜೆಫರ್‌ಸನ್ ಇನ್ನೊಂದು ಕಡೆ. ಒಬ್ಬರ ಕೈಯಿಂದ ಒಬ್ಬರು ಮೈಕು ಕಿತ್ತುಕೊಂಡಂತೆ ಪ್ರಾಸ ಕಟ್ಟಿ ಎದುರಾಳಿಯ ಮುಖಕ್ಕೆ ಹೊಡೆದಂತೆ ಹಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಪದಗಳನ್ನು ಕೇಳಿದವರಿಗೆ ಈ ಸವಾಲು-ಜವಾಬು ಹೊಸದೆನಿಸದು. ಸಾರ್ವಜನಿಕ ಸಾಲದ ವಿಷಯಕ್ಕೆ ಜನ ಕೂಗಿ ಚಪ್ಪಾಳೆ ತಟ್ಟುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕಂಡೆ. ಬಿ.ಕಾಂ. ತರಗತಿಯಲ್ಲಿ ನಮಗೆ ಇದನ್ನು ಪಾಠ ಮಾಡಿದಾಗ ಅರ್ಧ ಜನ ನಿದ್ದೆ ಹೋಗಿದ್ದರು.

ಇನ್ನು ಕ್ಯಾಮೆರಾ ಏನು ಮಾಡುತ್ತದೆ ಎಂಬುದಕ್ಕೆ ಬರೋಣ. ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ಅದೇ.

ಚಿತ್ರೀಕರಣ ನಡೆದದ್ದು ಮೂರು ದಿನ. ಜೂನ್ 26ರ ಭಾನುವಾರ ಮಧ್ಯಾಹ್ನದ ಆಟ ಮತ್ತು 28ರ ಮಂಗಳವಾರ ರಾತ್ರಿಯ ಆಟವನ್ನು ಜನ ತುಂಬಿದ ಮಂದಿರದಲ್ಲೇ, ಹಲವು ಕ್ಯಾಮೆರಾ ಇಟ್ಟು ಹಿಡಿದರು. ಈ ಎರಡು ಆಟಗಳ ನಡುವೆ ಮಂದಿರ ಖಾಲಿ ಇದ್ದಾಗ ಕೆಲವು ಹಾಡುಗಳನ್ನು ಮತ್ತೆ ಆಡಿಸಿದರು. ಆಗ ಕ್ಯಾಮೆರಾದವನು ರಂಗದ ಮೇಲಕ್ಕೇ ಹತ್ತಿ ನಟರ ನಡುವೆ ಓಡಾಡಬಹುದಿತ್ತು, ಕ್ರೇನಿನಿಂದ ಮೇಲಿನಿಂದಲೂ ತೆಗೆಯಬಹುದಿತ್ತು. ಎರಡನ್ನೂ ಹೊಲಿಗೆ ಕಾಣದಂತೆ ಸೇರಿಸಿದ್ದಾರೆ.

ಇದರ ಲಾಭ ಎಲ್ಲಿ ಕಾಣುತ್ತದೆಂದರೆ, ರಂಗದ ನೆಲದಲ್ಲಿ ಒಂದರೊಳಗೊಂದು ಎರಡು ತಿರುಗುವ ವೃತ್ತಗಳಿವೆ. ಬೇಕೆಂದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗುತ್ತದೆ. ಮುಂದಿನ ಸಾಲಿನಲ್ಲಿ 849 ಡಾಲರ್ ಕೊಟ್ಟು ಕುಳಿತವರಿಗೆ ನೆಲವೇ ಸರಿಯಾಗಿ ಕಾಣದು. ಮೇಲಿನ ಬಾಲ್ಕನಿಯ ಅಗ್ಗದ ಟಿಕೆಟಿನವರಿಗೆ ವೃತ್ತ ಕಾಣುತ್ತದೆ, ಮುಖ ಕಾಣದು. ನಮಗೆ ಎರಡೂ ಕಾಣುತ್ತವೆ. ಹ್ಯಾಮಿಲ್ಟನ್‌ಗೂ ಎಲೈಜಾಗೂ ಮದುವೆಯಾಗುವ ದೃಶ್ಯ ಒಂದಿದೆ. ಅದು ಮುಗಿದ ಕೂಡಲೇ ಎಲೈಜಾಳ ಅಕ್ಕ ಏಂಜೆಲಿಕಾ ಶುಭಾಶಯ ಹೇಳಲು ನಿಲ್ಲುತ್ತಾಳೆ. ಥಟ್ಟನೆ ಇಡೀ ರಂಗ ಹಿಂದಕ್ಕೆ ತಿರುಗತೊಡಗುತ್ತದೆ. ಕುಣಿದವರು ಹಿಮ್ಮುಖವಾಗಿ ನಡೆಯುತ್ತಾರೆ. ನಾವು ಈಗಷ್ಟೇ ನೋಡಿದ ಸಂಜೆಯನ್ನೇ ಈಗ ಅಕ್ಕನ ಕಣ್ಣಿನಿಂದ ಮತ್ತೆ ನೋಡುತ್ತೇವೆ. ಅವಳಿಗೂ ಆ ಹುಡುಗನ ಮೇಲೆ ಮನಸ್ಸಿತ್ತು, ತಂಗಿಗಾಗಿ ಬಿಟ್ಟುಕೊಟ್ಟಳು ಎಂದು ಆಗ ತಿಳಿಯುತ್ತದೆ. ರಿನೇ ಎಲೀಸ್ ಗೋಲ್ಡ್ಸ್‌ಬೆರಿ ಈ ಪಾತ್ರ ಮಾಡಿದ್ದಾರೆ. ಗಂಟಲು ಕಟ್ಟುವುದನ್ನು ನುಂಗಿಕೊಂಡು ನಗುವ ಆ ಮುಖವನ್ನು ಹತ್ತಿರದಿಂದ ನೋಡಿ ನನ್ನ ಮನೆಯಾಕೆ “ಪಾಪ, ಹಿರಿ ಮಗಳು” ಎಂದಳು. ಅವಳೂ ನಾಲ್ವರಲ್ಲಿ ಹಿರಿಯಳು.

ಮಕ್ಕಳೇ, ನಿಮಗೆ ಇಷ್ಟವಾಗುವುದು ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್. ಕಿರೀಟ ಹೊತ್ತು, ನಿಂತಲ್ಲೇ ನಿಂತು, ಓಡಿಹೋದ ವಸಾಹತುಗಳಿಗೆ ಮುದ್ದು ಮಾಡಿದಂತೆ ಹೆದರಿಸುತ್ತಾನೆ. ಒಟ್ಟು ಸೇರಿಸಿದರೆ ಹತ್ತು ನಿಮಿಷವೂ ರಂಗದ ಮೇಲೆ ಇರುವುದಿಲ್ಲ. ಆ ಪಾತ್ರದ ಜೊನಾಥನ್ ಗ್ರಾಫ್ ಒತ್ತಿ ಒತ್ತಿ ಹಾಡುವಾಗ ಬಾಯಿಂದ ಎಂಜಲು ಗಲ್ಲದ ಮೇಲೆ ಇಳಿಯುವುದು ಕ್ಯಾಮೆರಾಕ್ಕೆ ಸ್ಪಷ್ಟವಾಗಿ ಸಿಕ್ಕಿದೆ. ಅದನ್ನು ಅಳಿಸಲಿಲ್ಲ, ಕತ್ತರಿಸಲಿಲ್ಲ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನಗಂತೂ ಅದು ಇಷ್ಟವಾಯಿತು. ಸಿನಿಮಾದಲ್ಲಾದರೆ ‘ಕಟ್’ ಎಂದು ಮುಖ ಒರೆಸಿ ಮತ್ತೆ ತೆಗೆಯುತ್ತಿದ್ದರು. ಬೆವರು, ಉಸಿರು, ಎಂಜಲು ಇದ್ದರೆ ತಾನೇ ನಾಟಕ.

ಹಾಗೆಂದು ಎಲ್ಲವೂ ಲಾಭವಲ್ಲ. ನಾಟಕ ನೋಡುವಾಗ ಎಲ್ಲಿ ನೋಡಬೇಕು ಎಂಬುದು ನನ್ನ ಇಷ್ಟ. ರಾಜ ಮಾತಾಡುವಾಗ ಮೂಲೆಯಲ್ಲಿ ನಿಂತ ದ್ವಾರಪಾಲಕ ಮೂಗು ತುರಿಸಿಕೊಳ್ಳುವುದನ್ನು ನೋಡುವ ಸ್ವಾತಂತ್ರ್ಯ ನನಗಿದೆ. ಇಲ್ಲಿ ಆ ಸ್ವಾತಂತ್ರ್ಯವನ್ನು ಸಂಕಲನಕಾರ ಕಿತ್ತುಕೊಂಡಿದ್ದಾನೆ. ಒಂದು ಉದಾಹರಣೆ ಕೊಡುತ್ತೇನೆ. ನೃತ್ಯದ ಗುಂಪಿನಲ್ಲಿ ಅರಿಯಾನಾ ಡಿಬೋಸ್ ಎಂಬ ಕಲಾವಿದೆ ಇದ್ದಾರೆ (ಮುಂದೆ ‘ವೆಸ್ಟ್ ಸೈಡ್ ಸ್ಟೋರಿ’ ಸಿನಿಮಾಕ್ಕೆ ಆಸ್ಕರ್ ಪಡೆದರು). ನಾಟಕದ ಉದ್ದಕ್ಕೂ ಸಾವಿನ ಸುಳಿವು ಹೊತ್ತು ತಿರುಗುವುದು ಅವರ ಕೆಲಸ, ಕೊನೆಗೆ ಹ್ಯಾಮಿಲ್ಟನ್‌ನ ಕಡೆ ಮೆಲ್ಲಗೆ ಸಾಗಿ ಬರುವ ಗುಂಡು ಅವರೇ. ರಂಗಮಂದಿರದಲ್ಲಿ ಕುಳಿತವರು ಬೇಕೆಂದರೆ ಅವರೊಬ್ಬರನ್ನೇ ಹಿಂಬಾಲಿಸಬಹುದು. ನಮಗೆ ಕ್ಯಾಮೆರಾ ಬಿಟ್ಟಾಗ ಮಾತ್ರ ದರ್ಶನ.

ನನ್ನ ಎರಡನೇ ತಕರಾರು ವಾದ್ಯದವರ ಬಗ್ಗೆ. ಹತ್ತು ಜನರ ಮೇಳ ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ನುಡಿಸುತ್ತದೆ. ಅವರ ಮುಂದಾಳು ಅಲೆಕ್ಸ್ ಲಾಕಮುವಾರ್. ಕೀಬೋರ್ಡು ನುಡಿಸುತ್ತಲೇ ಉಳಿದವರಿಗೆ ಸನ್ನೆ ಕೊಡುತ್ತಾರೆ. ಅವರಿಗೆ ಚಿಕ್ಕಂದಿನಿಂದಲೂ ಕಿವಿ ಸರಿಯಾಗಿ ಕೇಳದು, ಕಿವಿಗೆ ಯಂತ್ರ ಹಾಕಿಕೊಂಡೇ ಇಷ್ಟು ದೊಡ್ಡ ಸಂಗೀತ ನಡೆಸುತ್ತಾರೆ. (ಇದನ್ನು ಕೇಳಿದ ಮೇಲೆ ಮನೆಯಾಕೆ ಬೀರುವಿನಲ್ಲಿಟ್ಟಿದ್ದ ತನ್ನ ಯಂತ್ರವನ್ನು ಹೊರಗೆ ತೆಗೆದಿದ್ದಾಳೆ. ಎರಡು ವರ್ಷ ನಾನು ಹೇಳಿದಾಗ ಕೇಳಿರಲಿಲ್ಲ.) ಇಂಥವರನ್ನು ಇನ್ನಷ್ಟು ಹೊತ್ತು ತೋರಿಸಬಾರದಿತ್ತೇ?

ಈ ತಕರಾರಿಗೆ ನನ್ನದೇ ಕಾರಣವಿದೆ. ನನ್ನ ಸೋದರಮಾವ ಒಂದು ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. 1960ರ ಆಸುಪಾಸಿನಲ್ಲಿ ಆ ಕಂಪನಿ ನಮ್ಮೂರಿನಲ್ಲಿ ಕ್ಯಾಂಪು ಹಾಕಿದಾಗ ನಾನು ಹತ್ತು ವರ್ಷದ ಹುಡುಗ. ತಗಡು ಹೊದಿಸಿದ ಥಿಯೇಟರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಮಾವನ ದೆಸೆಯಿಂದ ನನಗೆ ದುಡ್ಡಿಲ್ಲದೆ ಹಾರ್ಮೋನಿಯಂ ಪಕ್ಕದಲ್ಲೇ ಜಾಗ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದ ಕಥೆಯನ್ನು ಮಾವ ಹೇಳಿದ್ದು ಅಲ್ಲೇ, ಬೀಡಿಯ ಹೊಗೆಯ ನಡುವೆ. ಪಾತ್ರಧಾರಿ ಪಂಚಮಕ್ಕೆ ಏರಿದರೆ ಮಾವನ ಹುಬ್ಬೂ ಏರುತ್ತಿತ್ತು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಮಾವ ತಲೆ ಎತ್ತಿ ನಟನನ್ನು ನೋಡುವರು, ನಟ ಕಣ್ಣಲ್ಲೇ ಹೂಂ ಎನ್ನುವನು, ಹಾಡು ಮತ್ತೆ ಮೊದಲಿನಿಂದ. ಕತ್ತಿ ತಗುಲಿ ಸತ್ತು ಬಿದ್ದವನು ಒನ್ಸ್ ಮೋರ್‌ಗೆ ಎದ್ದು, ಅಂಗಿ ಕೊಡವಿ, ಹಾಡಿ, ಮತ್ತೆ ಸತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ!

ಆ ಕಂಪನಿ ಮುಚ್ಚಿತು. ಮಾವ ತೀರಿಕೊಂಡು ನಲವತ್ತು ವರ್ಷವಾಯಿತು. ಅವರದೆಂದು ಉಳಿದಿರುವುದು ಒಂದು ಫೋಟೊ. ಅದರಲ್ಲಿ ಅವರು ಹಾರ್ಮೋನಿಯಂ ಮುಂದೆ ಕೂಡ ಇಲ್ಲ, ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿದ್ದಾರೆ. ಅವರ ಕೈಯ ಒಂದು ಸ್ವರವೂ ಎಲ್ಲೂ ಮುದ್ರಣವಾಗಿಲ್ಲ.

ಆದ್ದರಿಂದ ‘ಹ್ಯಾಮಿಲ್ಟನ್’ ಚಿತ್ರೀಕರಣದ ತಾರೀಖುಗಳನ್ನು ಓದಿದಾಗ ನನಗೆ ಎದೆ ಧಸಕ್ಕೆಂದಿತು. ಜೂನ್ 28ಕ್ಕೆ ಚಿತ್ರೀಕರಣ ಮುಗಿಯಿತು. ಜುಲೈ 9ರಂದು ಮಿರಾಂಡ, ಬರ್ ಪಾತ್ರದ ಲೆಸ್ಲಿ ಓಡಮ್ ಜೂನಿಯರ್, ಎಲೈಜಾ ಪಾತ್ರದ ಫಿಲಿಪಾ ಸೂ ಮೂವರೂ ಕೊನೆಯ ಆಟ ಆಡಿ ತಂಡ ಬಿಟ್ಟರು. ನಡುವೆ ಇದ್ದದ್ದು ಹನ್ನೊಂದೇ ದಿನ. ಎಂಜಲಿನ ರಾಜ ಗ್ರಾಫ್ ಅಂತೂ ಏಪ್ರಿಲ್‌ನಲ್ಲೇ ಬಿಟ್ಟುಹೋಗಿದ್ದರು, ಚಿತ್ರೀಕರಣಕ್ಕೆಂದು ಕರೆಸಿಕೊಂಡರು. ನಾಟಕ ಇಂದಿಗೂ ನಡೆಯುತ್ತಿದೆ, ಬೇರೆಯವರು ಚೆನ್ನಾಗಿಯೇ ಆಡುತ್ತಿದ್ದಾರೆ. ಆದರೆ ಈ ಮೊದಲ ತಂಡ ಒಟ್ಟಿಗೆ ಆಡಿದ್ದು ಹೇಗಿತ್ತು ಎಂಬುದು ಉಳಿದಿರುವುದು ಆ ಹನ್ನೊಂದು ದಿನ ಮುಂಚೆ ಯಾರೋ ಕ್ಯಾಮೆರಾ ತಂದಿಟ್ಟದ್ದರಿಂದ.

ಅಮೆರಿಕದವರಿಗೆ ಈ ಬುದ್ಧಿ ಮುಂಚೆಯೇ ಬಂದಿದೆ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ 1970ರಿಂದಲೂ ನಾಟಕಗಳನ್ನು ಚಿತ್ರೀಕರಿಸಿ ಪುಸ್ತಕದಂತೆ ಜೋಪಾನ ಮಾಡುತ್ತಿದೆ. ಅಲ್ಲಿಗೇ ಹೋಗಿ ಕುಳಿತು ನೋಡಬೇಕು. ಲಂಡನ್ನಿನ ನ್ಯಾಷನಲ್ ಥಿಯೇಟರಿನವರು 2009ರಿಂದ ತಮ್ಮ ನಾಟಕಗಳನ್ನು ಸಿನಿಮಾ ಮಂದಿರಗಳಿಗೆ ಪ್ರಸಾರ ಮಾಡುತ್ತಿದ್ದಾರೆ. ‘ಹ್ಯಾಮಿಲ್ಟನ್’ ಕೂಡ ಸಿನಿಮಾ ಮಂದಿರಕ್ಕೆ 2021ರ ಅಕ್ಟೋಬರ್‌ನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಕೊರೊನಾ ಬಂತು. 2020ರ ಮಾರ್ಚ್ 12ರಂದು ಬ್ರಾಡ್‌ವೇಯ ಎಲ್ಲ ಮಂದಿರಗಳಿಗೂ ಬೀಗ ಬಿತ್ತು. ಒಂದೂವರೆ ವರ್ಷ ತೆರೆಯಲಿಲ್ಲ. ಆಗ ತಡಮಾಡದೆ ಮನೆಮನೆಗೆ ಕಳಿಸಿಬಿಟ್ಟರು. ನಟರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ಕಾಲದಲ್ಲಿ, ತುಂಬಿದ ಮಂದಿರದ ಚಪ್ಪಾಳೆಯನ್ನು ಜನ ಟಿ.ವಿ.ಯಲ್ಲಿ ಕೇಳಿದರು.

ಇದು ನಾಟಕವೋ ಸಿನಿಮಾವೋ? ಬಲ್ಲವರಿಗೇ ಒಮ್ಮತವಿಲ್ಲ. ರಂಗಪ್ರದರ್ಶನದ ಮುದ್ರಣ ಎಂದು ಆಸ್ಕರ್‌ನವರು ಹೊರಗಿಟ್ಟರು. ಗೋಲ್ಡನ್ ಗ್ಲೋಬ್‌ನವರು ಸಿನಿಮಾ ಎಂದೇ ಪಟ್ಟಿಗೆ ಸೇರಿಸಿದರು. ಎಮ್ಮಿಯವರು ಟಿ.ವಿ. ಕಾರ್ಯಕ್ರಮ ಎಂದು ಪ್ರಶಸ್ತಿ ಕೊಟ್ಟರು! ಬ್ಯಾಂಕಿನಲ್ಲಿ ಯಾವ ಖಾತೆಗೂ ಸೇರದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿಡುತ್ತಿದ್ದೆವು. ಹಾಗೆಯೇ ಇದೂ ಇರಲಿ.

ನನಗನ್ನಿಸಿದ್ದು ಬೇರೆ. ಈ ಮುದ್ರಣದಲ್ಲಿ ಒನ್ಸ್ ಮೋರ್ ನನ್ನ ಕೈಯಲ್ಲೇ ಇದೆ. ಏಂಜೆಲಿಕಾಳ ಹಾಡನ್ನು ನಾವು ರಿಮೋಟ್ ಒತ್ತಿ ನಾಲ್ಕು ಸಲ ನೋಡಿದೆವು. ಆದರೆ ಆಕೆಗೆ ಅದು ಗೊತ್ತಿಲ್ಲ. ನಾಲ್ಕು ಸಲವೂ ಅದೇ ಜಾಗದಲ್ಲಿ ಅದೇ ಉಸಿರು. ಮಾವನ ಕಂಪನಿಯಲ್ಲಿ ಎರಡನೇ ಸಲ ಹಾಡುವಾಗ ನಟ ಒಂದು ಹೊಸ ಸಂಗತಿ ಸೇರಿಸುತ್ತಿದ್ದ, ಮಾವ ಅದನ್ನು ಹಿಡಿಯಲು ಬೆರಳು ಓಡಿಸುತ್ತಿದ್ದರು. ಆ ಕೊಡುಕೊಳ್ಳುವಿಕೆ ಪೆಟ್ಟಿಗೆಯೊಳಗೆ ಬರುವುದಿಲ್ಲ. ಬರದಿದ್ದರೂ ಮುದ್ರಣ ಬೇಕು ಎನ್ನುವವನು ನಾನು, ಏಕೆಂದರೆ ಅದೂ ಇಲ್ಲದ ಮನೆ ನನ್ನದು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. “ಅವರು ನುಡಿಸ್ತಿದ್ದ ಒಂದು ಹಾಡಾದ್ರೂ ನಿಮಗೆ ನೆನಪಿದ್ಯಾ ತಾತ?” ಎಂದು ಕೇಳಿದಳು. ಎರಡು ನೆನಪಿದ್ದವು. ಒಂದರ ಚರಣ ಮಾತ್ರ, ಇನ್ನೊಂದು ಪೂರ್ತಿ. ಫೋನನ್ನು ಅಜ್ಜಿಯ ಅವರೆಕಾಯಿಯ ಮೊರಕ್ಕೆ ಒರಗಿಸಿ ನಿಲ್ಲಿಸಿ “ಹಾಡಿ” ಎಂದಳು. ಶ್ರುತಿಯಿಲ್ಲ, ಮೇಲಿನ ಎರಡು ಹಲ್ಲೂ ಇಲ್ಲ. ಹಾಡಿದೆ. ಹಿನ್ನೆಲೆಯಲ್ಲಿ ಕುಕ್ಕರಿನ ಕೂಗೂ ಸೇರಿಕೊಂಡಿದೆ. ಮನೆಯಾಕೆ ಒನ್ಸ್ ಮೋರ್ ಎಂದದ್ದೂ ಅದರಲ್ಲಿದೆ. ಈಗ ಅದು ಮೊಮ್ಮಗಳ ಫೋನಿನಲ್ಲೂ, ಅವಳಪ್ಪನ ಕಂಪ್ಯೂಟರಿನಲ್ಲೂ ಭದ್ರವಾಗಿದೆ. ನಿಮ್ಮ ಮನೆಯಲ್ಲೂ ಹಳೆಯ ರಂಗಗೀತೆಯೋ, ಸೋಬಾನೆಯೋ, ಬೀಸುವ ಪದವೋ ಬಲ್ಲ ಅಜ್ಜಿ ಇದ್ದರೆ, ಮಕ್ಕಳೇ, ಈ ಭಾನುವಾರವೇ ಫೋನು ಒರಗಿಸಿಡಿ.

ಮನೆಮಂದಿ ನೋಡುವುದಾದರೆ ಒಂದೆರಡು ಮಾತು ಹೇಳಬೇಕು. ತೀರಾ ಚಿಕ್ಕವರಿಗೆ ಇದು ಬೇಡ, ಹನ್ನೆರಡು ದಾಟಿದವರಿಗೆ ಸರಿ. ಕೆಲವು ಒರಟು ಮಾತುಗಳಿವೆ. ಅತಿ ಒರಟಾದ ಎರಡನ್ನು ಬಿಡುಗಡೆಗೆ ಮುಂಚೆ ಮರೆಸಿದ್ದಾರೆ. ನಾಯಕ ಪರಸ್ತ್ರೀಯ ಸಂಬಂಧಕ್ಕೆ ಬಿದ್ದು ಮಾನ ಕಳೆದುಕೊಳ್ಳುವ ಭಾಗವೂ ಇದೆ. ನಾಟಕ ಗುಲಾಮಗಿರಿಯ ವಿಚಾರವನ್ನು ಮೇಲೆ ಮೇಲೆ ಸವರಿ ಹೋಗಿದೆ ಎಂದು ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ದೊಡ್ಡವರು ಜೊತೆಗೆ ಕುಳಿತರೆ ಅದನ್ನು ಮಕ್ಕಳಿಗೆ ಹೇಳಬಹುದು. ಬಿಳಿಯ ನಾಯಕರ ಪಾತ್ರಗಳನ್ನು ಕಪ್ಪು, ಲ್ಯಾಟಿನೊ, ಏಷ್ಯಾ ಮೂಲದ ನಟರು ಮಾಡಿರುವುದು ಬೇಕೆಂದೇ ಮಾಡಿದ ಏರ್ಪಾಡು. ಮಧ್ಯಂತರ ಎಂದು ಪರದೆಯ ಮೇಲೆ ಒಂದು ನಿಮಿಷ ಮಾತ್ರ ಕೊಡುತ್ತಾರೆ, ನಮ್ಮ ವಯಸ್ಸಿಗೆ ಅದು ಸಾಲದು. ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಮರುದಿನ ನೋಡಿ. ನಾವು ಹಾಗೇ ಮಾಡಿದೆವು.

ಮರುದಿನದ ಭಾಗದಲ್ಲಿ ಹ್ಯಾಮಿಲ್ಟನ್‌ನ ಹಿರಿಯ ಮಗ ಫಿಲಿಪ್ ದ್ವಂದ್ವದಲ್ಲಿ ಸಾಯುತ್ತಾನೆ. ಹುಡುಗನಿದ್ದಾಗ ಅಮ್ಮನ ಪಕ್ಕ ಪಿಯಾನೊ ಮುಂದೆ ಕಲಿತ ಎಣಿಕೆಯನ್ನೇ ಸಾಯುವಾಗಲೂ ಅಮ್ಮನೊಂದಿಗೆ ಎಣಿಸುತ್ತಾನೆ. ಇಲ್ಲಿ ನಾವು ಮೂವರೂ ಮಾತಾಡಲಿಲ್ಲ. ಮೂರು ವರ್ಷದ ಮೇಲೆ ಗಂಡನೂ ಹಾಗೇ ಹೋದ. ಎಲೈಜಾ ಆಮೇಲೆ ಐವತ್ತು ವರ್ಷ ಬದುಕಿದಳು, ತೊಂಬತ್ತೇಳರವರೆಗೆ. ಗಂಡ ಬರೆದ ಕಾಗದ ಪತ್ರಗಳನ್ನು ಊರೂರಿನಿಂದ ಒಟ್ಟುಮಾಡಿದಳು, ಅವನ ಜೊತೆ ಯುದ್ಧ ಮಾಡಿದವರಿಂದ ನೆನಪುಗಳನ್ನು ಕೇಳಿ ಸಂಗ್ರಹಿಸಿದಳು. 1806ರಲ್ಲಿ ಇತರರ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ಅನಾಥಾಲಯ ತೆರೆದಳು. ಅವಳು ಆ ಕಾಗದಗಳನ್ನು ಕೂಡಿಡದೆ ಹೋಗಿದ್ದರೆ ಚೆರ್ನೊ ಅವರ ದಪ್ಪ ಪುಸ್ತಕ ಎಲ್ಲಿಂದ ಬರಬೇಕು?

ನಾಟಕದ ಕೊನೆಯ ಹಾಡು ಅವಳದೇ. ಎಲ್ಲ ಮುಗಿದ ಮೇಲೆ ಎಲೈಜಾ ರಂಗದ ಅಂಚಿಗೆ ಬಂದು ನಿಂತು, ಮುಂದೆ ಏನನ್ನೋ ನೋಡಿ, ಹಾ ಎಂದು ಉಸಿರು ಎಳೆದುಕೊಳ್ಳುತ್ತಾಳೆ. ಅಲ್ಲಿಗೆ ದೀಪ ಆರುತ್ತದೆ. ಅವಳು ಏನನ್ನು ಕಂಡಳು ಎಂಬುದಕ್ಕೆ ನೋಡಿದವರೆಲ್ಲ ಒಂದೊಂದು ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ ಆ ಮುಖ ನಮಗೆ ಕಾಣುತ್ತಲೇ ಇರಲಿಲ್ಲ.

“ಗಂಡ ಕಂಡಿರಬೇಕು ರೀ, ಕರ್ಕೊಂಡು ಹೋಗೋಕೆ ಬಂದಿದ್ದಾನೆ” ಎಂದಳು ಮನೆಯಾಕೆ.

“ಅಲ್ಲ ಅಜ್ಜಿ, ಅವಳು ನಮ್ಮನ್ನ ನೋಡಿದ್ಲು. ಇಷ್ಟು ಜನ ಕೂತು ನನ್ನ ಕಥೆ ಕೇಳ್ತಿದ್ದಾರಲ್ಲಾ ಅಂತ.”

ರಿಮೋಟ್ ನನ್ನ ಕೈಯಲ್ಲಿತ್ತು. ಅರ್ಧ ನಿಮಿಷ ಹಿಂದಕ್ಕೆ ಒತ್ತಿದೆ.